ಹಂಪಿ ಕಡೆಯವರು ಕಡಲ ದಡದ ಊರಿಗೆ ಹೊರಟರೆ: ಗೋವಾ, ಕೊಚ್ಚಿ, ಪುದುಚೇರಿ, ಮಂಗಳೂರು – ಯಾವುದು ಯಾರಿಗೆ?

ರಜೆ ಹತ್ತಿರ ಬಂತೆಂದರೆ ಕೊಪ್ಪಳ, ಗಂಗಾವತಿ, ಬಳ್ಳಾರಿ, ರಾಯಚೂರು ಕಡೆಯ ಮನೆಗಳಲ್ಲಿ ಒಂದೇ ಬೇಡಿಕೆ: ಸಮುದ್ರ ನೋಡಬೇಕು. ಮಕ್ಕಳಿಗೆ ನೀರು ಬೇಕು, ಅಜ್ಜಿಗೆ ದೇವಸ್ಥಾನ ಬೇಕು, ಅಪ್ಪನಿಗೆ ಖರ್ಚು ಕೈ ಮೀರಬಾರದು. ಯಾರೋ ಒಬ್ಬರು "ಗೋವಾಕ್ಕೆ ಹೋಗೋಣ" ಅನ್ನುತ್ತಾರೆ. ಇನ್ನೊಬ್ಬರು "ಮನೆ ಮಂದಿನ್ನೆಲ್ಲ ಕರ್ಕೊಂಡು ಅಲ್ಲಿಗಾ?" ಅನ್ನುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ.

ಬರೀ ಬೀಚ್ ಸಾಕು ಅನ್ನುವವರಿಗೆ ಕಾರವಾರ, ಗೋಕರ್ಣ, ಮುರುಡೇಶ್ವರ ಇವೆ. ಹತ್ತಿರವೂ ಹೌದು. ನಾನು ಇಲ್ಲಿ ಹೇಳುವುದು ಹಳೆಯ ಬಂದರು ಪಟ್ಟಣಗಳ ಬಗ್ಗೆ. ಬೆಳಗ್ಗೆ ಒಂದು ಹಳೆ ಬೀದಿ ಸುತ್ತಿ, ಸಂಜೆ ದಡದಲ್ಲಿ ಕೂರಬಹುದಾದ ಊರುಗಳು ಇವು. ನಮ್ಮ ಕಡೆಯಿಂದ ಹೋಗಲು ಅನುಕೂಲವಾದ ನಾಲ್ಕನ್ನು ಆರಿಸಿಕೊಂಡಿದ್ದೇನೆ: ಗೋವಾ, ಕೊಚ್ಚಿ, ಪುದುಚೇರಿ, ಮಂಗಳೂರು.

ನಾವು ಹಂಪಿ, ಆನೆಗೊಂದಿ, ರಾಯಚೂರು ಕೋಟೆ ನೋಡಿಕೊಂಡೇ ಬೆಳೆದವರು. ಹಳೆ ಕಲ್ಲು ನಮಗೆ ಹೊಸದೇನಲ್ಲ. ಹಾಗಾದರೆ ಅಷ್ಟು ದೂರ ಹೋಗಿ ಇನ್ನೊಂದು ಹಳೆ ಊರು ಯಾಕೆ ನೋಡಬೇಕು? ನನ್ನ ಉತ್ತರ ಇದು: ಹಂಪಿಯ ಕಥೆಯ ಅರ್ಧ ಭಾಗ ಕಡಲ ದಡದಲ್ಲಿದೆ. ಮಹಾನವಮಿ ದಿಬ್ಬದ ಗೋಡೆಯಲ್ಲಿ ಕುದುರೆ ಹಿಡಿದು ನಿಂತ ಪರದೇಶಿ ವ್ಯಾಪಾರಿಗಳನ್ನು ನೋಡಿದ್ದೀರಿ ಅಲ್ವಾ? ಆ ಕುದುರೆಗಳು ಅರಬ್ಬಿ ಸಮುದ್ರ ದಾಟಿ ಭಟ್ಕಳ, ಗೋವಾದಂಥ ಬಂದರುಗಳಲ್ಲಿ ಇಳಿದು, ಘಟ್ಟ ಹತ್ತಿ ನಮ್ಮ ಕಡೆಗೆ ಬಂದವು. ಆದ್ದರಿಂದ ಊರು ಆರಿಸುವಾಗ ಬೀಚು, ಹೋಟೆಲುಗಳ ಜೊತೆ ಇದನ್ನೂ ನೋಡಿ: ನಾವು ಆಗಲೇ ಬಲ್ಲ ಕಥೆಗೆ ಆ ಊರು ಏನು ಸೇರಿಸುತ್ತದೆ? ಈ ಲೆಕ್ಕದಲ್ಲಿ ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಗೋವಾ. ಆದರೆ ಎಲ್ಲರೂ ಹೋಗುವ ಗೋವಾ ಅಲ್ಲ.

ಮೊದಲು ತಿಂಗಳು ನೋಡಿ

ಊರಿಗಿಂತ ಮೊದಲು ತಿಂಗಳು ತೀರ್ಮಾನವಾಗಬೇಕು. ಗೋವಾ, ಮಂಗಳೂರು, ಕೊಚ್ಚಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ಮಳೆ. ಆಗ ಸಮುದ್ರಕ್ಕೆ ಇಳಿಯುವಂತಿಲ್ಲ, ಬೋಟುಗಳೂ ಎಷ್ಟೋ ದಿನ ನಿಂತಿರುತ್ತವೆ. ಪುದುಚೇರಿಯದು ಬೇರೆ ಲೆಕ್ಕ. ಅದು ಪೂರ್ವ ಕರಾವಳಿ, ಅಲ್ಲಿ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. 2024ರ ನವೆಂಬರ್ ಕೊನೆಯಲ್ಲಿ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರವೇ ದಡ ಸೇರಿ, ಊರಿನ ಬೀದಿಗಳಲ್ಲೆಲ್ಲ ನೀರು ನಿಂತಿತ್ತು. ದಸರಾ, ದೀಪಾವಳಿ ರಜೆಗೆ ಪುದುಚೇರಿ ಟಿಕೆಟ್ ಮಾಡಿಸುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ದಸರೆಗೆ ಗೋವಾ ಅಥವಾ ಮಂಗಳೂರು ಒಳ್ಳೆಯದು. ಕೊಚ್ಚಿಯಲ್ಲಿ ಅಕ್ಟೋಬರ್‌ನಲ್ಲೂ ಸಂಜೆ ಗುಡುಗು ಮಳೆ ಬರುತ್ತದೆ, ಅದಕ್ಕೆ ಡಿಸೆಂಬರ್‌ನಿಂದ ಫೆಬ್ರವರಿ ಸರಿ. ಪುದುಚೇರಿಗೆ ಜನವರಿ, ಫೆಬ್ರವರಿ.

ಬೇಸಿಗೆ ರಜೆಯಲ್ಲೇ ಹೋಗಬೇಕಾದವರಿಗೆ ಒಂದು ಮಾತು. ರಾಯಚೂರಿನ 40 ಡಿಗ್ರಿ ಬಿಸಿಲು ತಡೆದುಕೊಂಡವರಿಗೆ ಕರಾವಳಿಯ 34 ಡಿಗ್ರಿ ಏನು ಮಹಾ ಅನ್ನಿಸುತ್ತದೆ. ಆದರೆ ನಮ್ಮದು ಒಣ ಬಿಸಿಲು, ಅಲ್ಲಿ ಬೆವರು ಆರುವುದೇ ಇಲ್ಲ. ವಯಸ್ಸಾದವರು ಬೇಗ ಸುಸ್ತಾಗುತ್ತಾರೆ. ಯಾವ ಊರೇ ಇರಲಿ, ಏಪ್ರಿಲ್, ಮೇನಲ್ಲಿ ಬೆಳಗ್ಗೆ ಹತ್ತರೊಳಗೆ ಒಂದು ಸುತ್ತು, ಸಂಜೆ ನಾಲ್ಕರ ಮೇಲೆ ಇನ್ನೊಂದು ಸುತ್ತು ಹಾಕಿ. ಮಧ್ಯಾಹ್ನ ರೂಮಿನಲ್ಲಿ ಮಲಗಿ.

ಗೋವಾ: ಹಂಪಿಯ ಜೊತೆಗಾರ

ನಮ್ಮ ಕಡೆಯವರಿಗೆ ಗೋವಾದ ದೊಡ್ಡ ಅನುಕೂಲ ರೈಲು. ಅಮರಾವತಿ ಎಕ್ಸ್‌ಪ್ರೆಸ್ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ಮೇಲೆ ಸೀದಾ ವಾಸ್ಕೋಗೆ ಹೋಗುತ್ತದೆ. ದಿನಾ ಇರುವುದಿಲ್ಲ, ವಾರದಲ್ಲಿ ಕೆಲವು ದಿನ ಮಾತ್ರ. ರಾಯಚೂರಿನವರು ಗುಂತಕಲ್‌ಗೆ ಹೋಗಿಯೋ ಬಸ್ಸಿನಲ್ಲಿ ಹೊಸಪೇಟೆಗೆ ಬಂದೋ ಅದನ್ನು ಹಿಡಿಯಬಹುದು. ಕ್ಯಾಸಲ್‌ರಾಕ್ ದಾಟಿದ ಮೇಲೆ ರೈಲು ಘಟ್ಟ ಇಳಿಯುವುದನ್ನು ನೋಡುವುದೇ ಒಂದು ಸಂಭ್ರಮ. ಸುರಂಗ, ಕಾಡು, ನಡುವೆ 310 ಮೀಟರ್ ಎತ್ತರದಿಂದ ಬೀಳುವ ದೂಧಸಾಗರ. ಬಯಲುಸೀಮೆಯ ಮಕ್ಕಳು ಕಿಟಕಿ ಬಿಟ್ಟು ಏಳುವುದಿಲ್ಲ. ಹೋಗುವಾಗಲೋ ಬರುವಾಗಲೋ ಒಂದು ಸಲವಾದರೂ ಈ ಘಟ್ಟವನ್ನು ಹಗಲಲ್ಲಿ ದಾಟುವ ಹಾಗೆ ನೋಡಿಕೊಳ್ಳಿ. ಹಳಿ ಮೇಲೆ ಇಳಿದು ನಡೆಯುವುದಕ್ಕೆ ರೈಲ್ವೆಯವರು ಬಿಡುವುದಿಲ್ಲ, ಕೂತ ಜಾಗದಿಂದಲೇ ನೋಡಿ.

ಮಡಗಾಂವ್‌ನಲ್ಲೋ ವಾಸ್ಕೋದಲ್ಲೋ ಇಳಿದು ಪಣಜಿಗೆ ಬನ್ನಿ. ಎರಡೂ ಕಡೆಯಿಂದ ಸುಮಾರು 30 ಕಿಲೋಮೀಟರ್. ಉಳಿಯಲು ಪಣಜಿಯನ್ನೇ ಆರಿಸಿ ಅಂತ ನನ್ನ ಒತ್ತಾಯ. ನಮ್ಮವರಲ್ಲಿ ಹೆಚ್ಚಿನವರು ಕಲಂಗುಟ್, ಬಾಗಾ ಕಡೆ ರೂಮು ಮಾಡಿ, ಎರಡು ದಿನ ಗದ್ದಲದಲ್ಲಿ ಕಳೆದು, ಹಳೆ ಗೋವಾಕ್ಕೆ ಒಂದು ಗಂಟೆ ಕೊಟ್ಟು ವಾಪಸ್ ಬರುತ್ತಾರೆ. ಇದನ್ನು ತಿರುಗಿಸಿ. ಬೀಚಿಗೆ ಒಂದು ದಿನ ಸಾಕು.

ಪಣಜಿ ಬಸ್ ಸ್ಟ್ಯಾಂಡಿನಿಂದ ಹಳೆ ಗೋವಾ ಸುಮಾರು 10 ಕಿಲೋಮೀಟರ್, ಬಸ್ಸುಗಳು ಬೇಕಾದಷ್ಟಿವೆ. ಬೋರ್ಡಿನಲ್ಲಿ ಓಲ್ಡ್ ಗೋವಾ ಅಂತಲೇ ಇರುತ್ತದೆ. 1510ರ ನವೆಂಬರ್ 25ರಂದು ಪೋರ್ಚುಗೀಸರ ಸೇನಾನಾಯಕ ಅಲ್ಬುಕರ್ಕ್ ಬಿಜಾಪುರದ ಆದಿಲ್‌ಶಾಹಿಗಳಿಂದ ಈ ಊರನ್ನು ಕಿತ್ತುಕೊಂಡ. ಅವನಿಗೆ ನೆರವಾದವನು ನಮ್ಮ ಹೊನ್ನಾವರ ಕಡೆಯ ಹಡಗು ಪಡೆಯ ನಾಯಕ ತಿಮ್ಮೋಜ. ಅದರ ಹಿಂದಿನ ವರ್ಷ ತಾನೆ ಹಂಪಿಯಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದಿದ್ದ. ಮುಂದೆ 1520ರಲ್ಲಿ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಅವನ ಕಡೆ ಬಂದೂಕು ಹಿಡಿದ ಪೋರ್ಚುಗೀಸರೂ ಇದ್ದರು. ಹೊಸಪೇಟೆ ಹತ್ತಿರ ಅವನು ಕಟ್ಟಿಸಿದ ಕೆರೆಯ ಕೆಲಸಕ್ಕೆ ಒಬ್ಬ ಪೋರ್ಚುಗೀಸ್ ಕಲ್ಲುಕೆಲಸದವನು ನೆರವಾದ. ಹಂಪಿ ರೋಮ್‌ನಷ್ಟು ದೊಡ್ಡದು ಎಂದು ಬರೆದಿಟ್ಟ ಪ್ರವಾಸಿ ಪಾಯೆಸ್ ಕೂಡ ಪೋರ್ಚುಗೀಸನೇ. ಇದನ್ನೆಲ್ಲ ರೈಲಿನಲ್ಲೇ ಮಕ್ಕಳಿಗೆ ಹೇಳಿಬಿಡಿ. ಆಮೇಲೆ ಹಳೆ ಗೋವಾದಲ್ಲಿ ಅವರು ಪರಕೀಯರ ಚರ್ಚು ನೋಡಲು ಬಂದವರ ಹಾಗೆ ಸುಮ್ನೆ ನಿಲ್ಲುವುದಿಲ್ಲ.

ಬಾಮ್ ಜೀಸಸ್ ಬೆಸಿಲಿಕಾ 1605ರಲ್ಲಿ ಮುಗಿದ ಕಟ್ಟಡ. ಹೊರಗೆ ಗಾರೆ ಇಲ್ಲ, ಕೆಂಪು ಮುರಕಲ್ಲು ಹಾಗೇ ಕಾಣುತ್ತದೆ. ಒಳಗೆ ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹವನ್ನು ಬೆಳ್ಳಿ ಪೆಟ್ಟಿಗೆಯಲ್ಲಿ ಎತ್ತರದ ಸಮಾಧಿ ಮೇಲೆ ಇಟ್ಟಿದ್ದಾರೆ. ಅವರು ತೀರಿಕೊಂಡದ್ದು 1552ರಲ್ಲಿ, ಚೀನಾ ಹತ್ತಿರದ ಒಂದು ದ್ವೀಪದಲ್ಲಿ. ಹತ್ತು ವರ್ಷಕ್ಕೊಮ್ಮೆ ಪೆಟ್ಟಿಗೆಯನ್ನು ಕೆಳಗಿಳಿಸಿ ದರ್ಶನಕ್ಕೆ ಇಡುತ್ತಾರೆ. ಕಳೆದ ಸಲ ಅದು ನಡೆದದ್ದು 2024ರ ನವೆಂಬರ್‌ನಿಂದ 2025ರ ಜನವರಿವರೆಗೆ. ಉಳಿದ ದಿನಗಳಲ್ಲಿ ಕೆಳಗಿನಿಂದಲೇ ನೋಡಬೇಕು. ರಸ್ತೆ ಆಚೆ ಸೇ ಕೆಥೆಡ್ರಲ್. ಅದಕ್ಕೆ ಎರಡು ಗೋಪುರ ಇದ್ದವು, 1776ರಲ್ಲಿ ಒಂದು ಬಿತ್ತು, ಮತ್ತೆ ಕಟ್ಟಲಿಲ್ಲ.

ಇವೆರಡನ್ನೇ ನೋಡಿ ಬಸ್ ಹತ್ತಬೇಡಿ. ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಗುಡ್ಡದ ಮೇಲಿನ ಸಂತ ಅಗಸ್ಟೀನ್ ಚರ್ಚಿನ ಅವಶೇಷ. 46 ಮೀಟರ್ ಎತ್ತರದ ಗೋಪುರದಲ್ಲಿ ಅರ್ಧ ಮಾತ್ರ ನಿಂತಿದೆ, ಸುತ್ತ ಬಿದ್ದ ಗೋಡೆಗಳು, ನೆಲದಲ್ಲಿ ಸಮಾಧಿ ಕಲ್ಲುಗಳು. ಹಂಪಿಯ ರಾಣಿವಾಸದ ಸುತ್ತ ಅಡ್ಡಾಡಿದವರಿಗೆ ಇಲ್ಲಿ ಏನೂ ವಿವರಿಸಬೇಕಾಗಿಲ್ಲ. ಹಂಪಿಯೂ ಹಳೆ ಗೋವಾದ ಚರ್ಚುಗಳೂ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು ಒಂದೇ ವರ್ಷ, 1986ರಲ್ಲಿ. 1565ರಲ್ಲಿ ವಿಜಯನಗರ ಬಿದ್ದಾಗ ಗೋವಾದ ವ್ಯಾಪಾರಕ್ಕೂ ಪೆಟ್ಟು ಬಿತ್ತು, ಕುದುರೆ ಕೊಳ್ಳುವ ದೊಡ್ಡ ಗಿರಾಕಿಯೇ ಹೋದನಲ್ಲ. ಆಮೇಲೆ ಮೇಲಿಂದ ಮೇಲೆ ಬಂದ ರೋಗಗಳಿಂದ ಜನ ಊರು ಬಿಟ್ಟರು. 1843ರಲ್ಲಿ ರಾಜಧಾನಿ ಅಧಿಕೃತವಾಗಿ ಪಣಜಿಗೆ ಹೋಯಿತು.

ನದಿಯ ಕಡೆ ನಡೆದರೆ ವೈಸ್‌ರಾಯ್ ಕಮಾನು ಸಿಗುತ್ತದೆ, ಅದರ ಮೇಲೆ ವಾಸ್ಕೋ ಡ ಗಾಮನ ಪ್ರತಿಮೆ ಇದೆ. ಹತ್ತಿರದಲ್ಲೇ ಆದಿಲ್‌ಶಾಹಿ ಅರಮನೆಯ ಒಂದು ಕಲ್ಲಿನ ಬಾಗಿಲು ಉಳಿದಿದೆ. ಬಿಜಾಪುರ ನೋಡಿದವರು ಅಲ್ಲೊಂದು ಕ್ಷಣ ನಿಲ್ಲಬೇಕು. ಕಮಾನು ದಾಟಿದರೆ ದಿವಾಡಿ ದ್ವೀಪಕ್ಕೆ ಹೋಗುವ ಫೆರಿ. ಮಕ್ಕಳನ್ನು ಒಂದು ಸಲ ಅದರಲ್ಲಿ ಆ ದಡಕ್ಕೆ ಕರೆದುಕೊಂಡು ಹೋಗಿ ಬನ್ನಿ. ದುಡ್ಡು ಕೊಟ್ಟು ಹತ್ತುವ ಸಂಜೆಯ ಕ್ರೂಸ್‌ಗಿಂತ ಇದೇ ಚೆಂದ. ಅಲ್ಲಿ ಹಾಡಿನ ಅಬ್ಬರದಲ್ಲಿ ನದಿಯ ಸದ್ದೇ ಕೇಳಿಸುವುದಿಲ್ಲ.

ಪಣಜಿಯ ಫೊಂಟೈನಾಸ್ ಬೀದಿಗಳಿಗೆ ಬೆಳಗ್ಗೆ ಬೇಗ ಹೋಗಿ. ಹಳದಿ, ನೀಲಿ, ಕೆಂಪು ಬಣ್ಣದ ಹಳೆ ಮನೆಗಳು, ಇಕ್ಕಟ್ಟಾದ ಓಣಿಗಳು. ಅಲ್ಲಿ ಈಗಲೂ ಸಂಸಾರಗಳು ವಾಸಿಸುತ್ತಿವೆ. ಅವರ ಕಟ್ಟೆ ಹತ್ತಿ ಫೋಟೋ ತೆಗೆಸಿಕೊಳ್ಳುವುದು ಅವರಿಗೆ ತೊಂದರೆ. ನಮ್ಮ ಮನೆ ಮುಂದೆ ಯಾರಾದರೂ ಹಾಗೆ ಮಾಡಿದರೆ ನಮಗೂ ಸಿಟ್ಟು ಬರುತ್ತದಲ್ಲ.

ಅಜ್ಜ ಅಜ್ಜಿ ಜೊತೆಗಿದ್ದರೆ ಒಂದು ದಿನ ಪೊಂಡಾ ಕಡೆ ಇಡಿ. ಮಂಗೇಶಿ, ಕವಳೆಯ ಶಾಂತಾದುರ್ಗಾ ಎರಡೂ ಅಲ್ಲಿವೆ. 16ನೇ ಶತಮಾನದಲ್ಲಿ ಪೋರ್ಚುಗೀಸರು ದೇವಸ್ಥಾನ ಕೆಡವುತ್ತಿದ್ದಾಗ ಜನ ತಮ್ಮ ದೇವರನ್ನು ಎತ್ತಿಕೊಂಡು ನದಿ ದಾಟಿ ಈ ಕಡೆ ತಂದಿಟ್ಟರು. 1560ರಲ್ಲಿ ಶುರುವಾದ ಇನ್‌ಕ್ವಿಸಿಷನ್, ಅಂದರೆ ಚರ್ಚಿನ ಧರ್ಮ ವಿಚಾರಣೆಯ ಹಿಂಸೆಯೂ ಗೋವಾದ ಚರಿತ್ರೆಯೇ. ಚರ್ಚಿನ ಅಂದ ನೋಡುವಾಗ ಇದನ್ನೂ ಮಕ್ಕಳಿಗೆ ಹೇಳಬೇಕು. ಒಂದನ್ನು ಹೇಳಿ ಇನ್ನೊಂದನ್ನು ಬಚ್ಚಿಡುವುದು ಸರಿಯಲ್ಲ.

ಭಾಷೆಯ ಭಯ ಬೇಡ. ನಮ್ಮ ಉತ್ತರ ಕರ್ನಾಟಕದ ಸಾವಿರಾರು ಜನ ಗೋವಾದಲ್ಲಿ ದುಡಿಯುತ್ತಿದ್ದಾರೆ. ಬಸ್ ಸ್ಟ್ಯಾಂಡಿನಲ್ಲಿ, ಮಾರ್ಕೆಟ್ಟಿನಲ್ಲಿ, ಕಟ್ಟಡ ಕೆಲಸದ ಜಾಗದಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. "ಯಾವೂರ್ರೀ ಅಣ್ಣಾ?" ಅಂದರೆ ಸಾಕು, ದಾರಿ ಹೇಳುವುದಷ್ಟೇ ಅಲ್ಲ, ಜೊತೆಗೇ ಬಂದು ಬಸ್ ಹತ್ತಿಸುತ್ತಾರೆ.

ಬೀಚಿನ ಮಟ್ಟಿಗೆ ಪಣಜಿಗೆ ಹತ್ತಿರದ್ದು ಮಿರಾಮಾರ್. ಸಂಜೆ ಕೂರಲು ಚೆಂದ, ಈಜಲು ಅಲ್ಲ. ಮಕ್ಕಳು ಆಡಬೇಕೆಂದರೆ ದಕ್ಷಿಣದ ಕೋಲ್ವಾ, ಬೆನೌಲಿಮ್ ಕಡೆ ಹೋಗಿ. ಕೆಂಪು ಬಾವುಟ ಕಂಡರೆ ನೀರಿಗೆ ಇಳಿಯಬೇಡಿ. ಕಾಲುವೆ, ಹೊಳೆಯಲ್ಲಿ ಈಜಿ ರೂಢಿ ಇರುವ ನಮ್ಮ ಹುಡುಗರಿಗೆ ಧೈರ್ಯ ಜಾಸ್ತಿ. ಆದರೆ ಸಮುದ್ರ ಅಲೆ ಹಿಂದಕ್ಕೆ ಹೋಗುವಾಗ ಎಳೆಯುತ್ತದೆ, ಹೊಳೆಯ ಸೆಳವಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಕೊಚ್ಚಿ: ನಡೆದು ನೋಡುವ ಊರು

ಗೋವಾ ಒಂದು ಸಲ ನೋಡಿದವರಿಗೆ ಮುಂದಿನದು ಕೊಚ್ಚಿ. ರಾಯಚೂರಿನವರಿಗೆ ಇದು ಇನ್ನೂ ಸುಲಭ. ಪುಣೆಯಿಂದ ಕನ್ಯಾಕುಮಾರಿಗೆ ಹೋಗುವ ಎಕ್ಸ್‌ಪ್ರೆಸ್ ರಾಯಚೂರು, ಗುಂತಕಲ್ ಮೇಲೆ ಹಾದು ಎರ್ನಾಕುಲಂ ಮುಟ್ಟಿಸುತ್ತದೆ. ಬಳ್ಳಾರಿಯವರು ಗುಂತಕಲ್‌ನಲ್ಲಿ ಹತ್ತಬಹುದು. ಪ್ರಯಾಣ ಉದ್ದ, ಸಣ್ಣ ಮಕ್ಕಳಿದ್ದರೆ ಅದನ್ನು ಯೋಚಿಸಿಕೊಳ್ಳಿ. ನಾಲ್ಕು ದಿನಕ್ಕಿಂತ ಕಡಿಮೆ ರಜೆ ಇದ್ದರೆ ಕೊಚ್ಚಿ ಬೇಡ. ಇರುವ ರಜೆಯೆಲ್ಲ ರೈಲಿನಲ್ಲೇ ಹೋಗುತ್ತದೆ.

ಹೋದರೆ ಮಾತ್ರ ಈ ನಾಲ್ಕರಲ್ಲಿ ಕಾಲ್ನಡಿಗೆಗೆ ಅತಿ ಒಳ್ಳೆಯ ಊರು ಇದೇ. ಎರ್ನಾಕುಲಂನಲ್ಲಿ ಇಳಿದು ಬೋಟಿನಲ್ಲಿ ಫೋರ್ಟ್ ಕೊಚ್ಚಿಗೆ ಹೋಗಬೇಕು. ಸರ್ಕಾರದ ಹಳೆ ಬೋಟುಗಳು ಇವೆ, ದರ ತೀರಾ ಕಡಿಮೆ. 2023ರಲ್ಲಿ ಶುರುವಾದ ವಾಟರ್ ಮೆಟ್ರೋ ಕೂಡ ಈಗ ಹೈಕೋರ್ಟ್ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ಹೋಗುತ್ತದೆ. ಕರೆಂಟಿನಲ್ಲಿ ಓಡುವ ಎ.ಸಿ. ಬೋಟು, ಸದ್ದು ಕಡಿಮೆ. ಹೋಗುವಾಗ ಒಂದು, ಬರುವಾಗ ಇನ್ನೊಂದು ಹತ್ತಿ ನೋಡಿ. ಮಕ್ಕಳಿಗೆ ಇದೇ ಅರ್ಧ ಪ್ರವಾಸ.

ದಡದಲ್ಲಿ ಚೀನಾ ಬಲೆಗಳು. ದೊಡ್ಡ ಮರದ ಕಂಬಗಳ ತುದಿಗೆ ಬಲೆ, ಇನ್ನೊಂದು ತುದಿಗೆ ಹಗ್ಗದಲ್ಲಿ ಕಟ್ಟಿದ ಕಲ್ಲುಗಳು. ನಮ್ಮ ಕಡೆ ಹಿಂದೆ ಬಾವಿಗೆ ಹಾಕುತ್ತಿದ್ದ ಏತದ ಹಾಗೇ ಭಾರದ ಲೆಕ್ಕದಲ್ಲಿ ಏಳುತ್ತದೆ, ಇಳಿಯುತ್ತದೆ. ನಾಲ್ಕೈದು ಜನ ಸೇರಿ ಎಳೆಯುತ್ತಾರೆ. ಕೇಳಿದರೆ ನಿಮ್ಮ ಕೈಗೂ ಹಗ್ಗ ಕೊಡುತ್ತಾರೆ, ಆಗ ಅವರ ಕೈಗೆ ಒಂದಿಷ್ಟು ದುಡ್ಡು ಇಡಿ. ಬರುವ ಮೀನು ಕಡಿಮೆ, ಅವರ ದುಡಿಮೆ ದೊಡ್ಡದು.

ಅಲ್ಲಿಂದ ಹತ್ತು ನಿಮಿಷ ನಡೆದರೆ ಸಂತ ಫ್ರಾನ್ಸಿಸ್ ಚರ್ಚ್. 1503ರಲ್ಲಿ ಮರದಲ್ಲಿ ಕಟ್ಟಿ ಆಮೇಲೆ ಕಲ್ಲಿನಲ್ಲಿ ಕಟ್ಟಿದ್ದು. ಭಾರತದಲ್ಲಿ ಯುರೋಪಿನವರು ಕಟ್ಟಿದ ಅತಿ ಹಳೆಯ ಚರ್ಚ್ ಎಂದು ಹೆಸರು. 1524ರ ಡಿಸೆಂಬರ್ 24ರಂದು ವಾಸ್ಕೋ ಡ ಗಾಮ ತೀರಿಕೊಂಡದ್ದು ಕೊಚ್ಚಿಯಲ್ಲೇ. ಅವನನ್ನು ಮೊದಲು ಹೂಳಿದ್ದು ಈ ಚರ್ಚಿನಲ್ಲಿ, ಕೆಲವು ವರ್ಷಗಳ ಮೇಲೆ ಪೋರ್ಚುಗಲ್‌ಗೆ ಒಯ್ದರು. ಆ ಸಮಾಧಿಯ ಕಲ್ಲು ಇನ್ನೂ ನೆಲದಲ್ಲಿದೆ. ಗೋವಾದಲ್ಲಿ ಅವನ ಹೆಸರಿನ ಸ್ಟೇಷನ್‌ನಲ್ಲಿ ಇಳಿದ ಮಕ್ಕಳಿಗೆ ಇಲ್ಲಿ ಕಥೆ ಪೂರ್ತಿಯಾಗುತ್ತದೆ.

ಕೊಚ್ಚಿಯಲ್ಲಿ ನಾನು ತುಂಬಾ ಹೊತ್ತು ಕೊಡಬೇಕೆನ್ನುವ ಜಾಗ ಮಟ್ಟಂಚೇರಿ ಅರಮನೆ. ಪೋರ್ಚುಗೀಸರು 16ನೇ ಶತಮಾನದ ಮಧ್ಯದಲ್ಲಿ ಕಟ್ಟಿಸಿ ಕೊಚ್ಚಿ ರಾಜನಿಗೆ ಕೊಟ್ಟರು. 1663ರಲ್ಲಿ ಕೊಚ್ಚಿಯನ್ನು ಹಿಡಿದ ಡಚ್ಚರು ರಿಪೇರಿ ಮಾಡಿದ್ದರಿಂದ ಡಚ್ ಅರಮನೆ ಅಂತ ಹೆಸರಾಯಿತು. ಹೊರಗಿನಿಂದ ಸಾದಾ ಹೆಂಚಿನ ಮನೆ. ಒಳಗೆ ರಾಜನ ಮಲಗುವ ಕೋಣೆಯ ಗೋಡೆ ತುಂಬಾ ರಾಮಾಯಣ. ವಿರೂಪಾಕ್ಷ ಗುಡಿಯ ರಂಗಮಂಟಪದ ಮಾಳಿಗೆ ಚಿತ್ರ ನೋಡಿದವರು, ಕಿನ್ನಾಳದ ಚಿತ್ರಗಾರರ ಬಣ್ಣಗಳನ್ನು ಬಲ್ಲವರು ಇಲ್ಲಿ ನಿಧಾನವಾಗಿ ನೋಡಿ. ನಮ್ಮಲ್ಲಿ ಆಕೃತಿಗಳು ಸಾಲಾಗಿ, ಬಿಡಿಬಿಡಿಯಾಗಿ ನಿಲ್ಲುತ್ತವೆ. ಇಲ್ಲಿ ಒಂದಿಂಚೂ ಖಾಲಿ ಬಿಡದೆ ಒಬ್ಬರ ಹಿಂದೆ ಒಬ್ಬರು ಒತ್ತಿಕೊಂಡಿದ್ದಾರೆ. ಅದೇ ರಾಮ, ಅದೇ ದಶರಥ, ಕೈ ಮಾತ್ರ ಬೇರೆ.

ಪಕ್ಕದ ಓಣಿಯ ಕೊನೆಗೆ ಯಹೂದಿಗಳ ಸಿನಗಾಗ್, 1568ರದ್ದು. ನೆಲಕ್ಕೆ ಚೀನಾದಿಂದ ತರಿಸಿದ, ಕೈಯಲ್ಲಿ ಬಣ್ಣ ಹಾಕಿದ ನೀಲಿ ಬಿಳಿ ಹಾಸು. ಯಹೂದಿ ಕುಟುಂಬಗಳಲ್ಲಿ ಹೆಚ್ಚಿನವು ಇಸ್ರೇಲ್‌ಗೆ ಹೋಗಿವೆ, ಗುಡಿ ಉಳಿದಿದೆ. ಅದೇ ಓಣಿಯಲ್ಲಿ ಮೆಣಸು, ಏಲಕ್ಕಿ, ಶುಂಠಿಯ ವಾಸನೆ. ಗೋವಾದಿಂದ ಪೋರ್ಚುಗೀಸರ ಕಾಟಕ್ಕೆ ಓಡಿ ಬಂದ ಕೊಂಕಣಿಗರ ದೇವಸ್ಥಾನವೂ ಮಟ್ಟಂಚೇರಿಯಲ್ಲಿದೆ, ಗುಜರಾತಿಗಳ ಓಣಿಯೂ ಇದೆ. ಹಾಗಾಗಿ ಮಾಂಸ ಮೀನು ಮುಟ್ಟದ ನಮ್ಮ ಮನೆಗಳವರಿಗೆ ಊಟದ ತೊಂದರೆ ಇಲ್ಲ.

ಒಂದು ಎಚ್ಚರಿಕೆ: ಅರಮನೆಗೆ ಶುಕ್ರವಾರ ರಜೆ. ಸಿನಗಾಗ್ ಶುಕ್ರವಾರ ಮಧ್ಯಾಹ್ನದ ಮೇಲೂ ಶನಿವಾರವೂ ಇರುವುದಿಲ್ಲ. ವಾರದ ಕೊನೆಗೆಂದು ಶುಕ್ರವಾರ, ಶನಿವಾರ ಇಟ್ಟುಕೊಂಡು ಹೋದರೆ ಎರಡೂ ಕೈ ತಪ್ಪಬಹುದು.

ಪುದುಚೇರಿ: ಗಂಡ ಹೆಂಡತಿ, ಸ್ನೇಹಿತರಿಗೆ

ಪುದುಚೇರಿಗೆ ನಮ್ಮ ಕಡೆಯಿಂದ ಸೀದಾ ದಾರಿ ಇಲ್ಲ. ರಾಯಚೂರಿನವರು ಚೆನ್ನೈವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಬಸ್ ಹಿಡಿಯುತ್ತಾರೆ, ಸುಮಾರು 150 ಕಿಲೋಮೀಟರ್. ಬಳ್ಳಾರಿ, ಕೊಪ್ಪಳದವರಿಗೆ ಬೆಂಗಳೂರಿನ ಮೇಲೆ ಹೋಗುವುದು ಸುಲಭ. ದಾರಿಯ ಬೇಸರ ಇದೆ, ಆದ್ದರಿಂದ ಮಕ್ಕಳು ಮರಿ, ಅಜ್ಜಿ, ಲಗೇಜು ಎಲ್ಲ ಕಟ್ಟಿಕೊಂಡು ಹೋಗುವ ಊರಲ್ಲ ಇದು. ಇಬ್ಬರೋ ನಾಲ್ವರೋ ಆರಾಮಾಗಿ ಹೋಗಿ ನಡೆದಾಡಲು ಚೆಂದ.

ಫ್ರೆಂಚರು ಇಲ್ಲಿ ನೆಲೆಯೂರಿದ್ದು 1674ರಲ್ಲಿ. 1761ರಲ್ಲಿ ಇಂಗ್ಲಿಷರು ಊರನ್ನೇ ಕೆಡವಿದರು, ಆಮೇಲೆ ಮತ್ತೆ ಕಟ್ಟಿದರು. ನಡುವೆ ಒಂದು ಕಾಲುವೆ, ಆ ಕಡೆ ಫ್ರೆಂಚರ ಬೀದಿಗಳು, ಈ ಕಡೆ ತಮಿಳರ ಬೀದಿಗಳು. ಹೆಚ್ಚಿನವರು ಹಳದಿ ಗೋಡೆಯ ಮುಂದೆ ಫೋಟೋ ತೆಗೆದು ತೃಪ್ತರಾಗುತ್ತಾರೆ. ತಮಿಳು ಬೀದಿಗಳ ಜಗಲಿ ಮನೆಗಳನ್ನೂ ನೋಡಿ, ಅಲ್ಲಿ ಊರಿನ ನಿಜವಾದ ಬದುಕಿದೆ. ಸಂಜೆ ಕಡಲ ದಂಡೆಯ ರಸ್ತೆಗೆ ವಾಹನ ಬಿಡುವುದಿಲ್ಲ, ಊರಿಗೆ ಊರೇ ನಡೆಯಲು ಬರುತ್ತದೆ. ಅಲ್ಲಿ ದಡ ಕಲ್ಲುಬಂಡೆಗಳದ್ದು, ನೀರಾಟಕ್ಕಲ್ಲ.

ಅರವಿಂದಾಶ್ರಮದಲ್ಲಿ ಮೌನವಾಗಿರಬೇಕು. ಮೂರು ವರ್ಷದೊಳಗಿನ ಮಕ್ಕಳನ್ನು ಒಳಗೆ ಬಿಡುವುದಿಲ್ಲ. ಊರಿನ ಹತ್ತಿರದ ಆರೋವಿಲ್‌ನಲ್ಲಿರುವ ಧ್ಯಾನದ ಜಾಗ ಮಾತೃಮಂದಿರದ ಒಳಗೆ ಕೂರಬೇಕೆಂದರೆ ಮುಂಚೆಯೇ ಬುಕ್ ಮಾಡಬೇಕು, ಇಲ್ಲದಿದ್ದರೆ ದೂರದಿಂದ ನೋಡಿ ಬರುವುದಷ್ಟೇ.

ಚರಿತ್ರೆಯ ಆಸಕ್ತಿ ಇರುವವರಿಗೆ ಪುದುಚೇರಿಯಲ್ಲಿ ನಾನು ಹೇಳುವ ಜಾಗ ಅರಿಕಮೇಡು. ಊರಿನ ದಕ್ಷಿಣಕ್ಕೆ, ನದಿ ದಡದ ತೋಪಿನಲ್ಲಿ ಕೆಲವು ಹಳೆ ಇಟ್ಟಿಗೆ ಗೋಡೆಗಳು. ನೋಡಲು ಏನೂ ಇಲ್ಲ ಅನ್ನಿಸಬಹುದು. ಆದರೆ ಎರಡು ಸಾವಿರ ವರ್ಷದ ಹಿಂದೆ ರೋಮ್ ಜೊತೆ ವ್ಯಾಪಾರ ನಡೆದ ಬಂದರು ಅದು. 1945ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆದಾಗ ರೋಮ್‌ನ ಮಡಿಕೆಗಳ ಜೊತೆಗೇ ಇಲ್ಲಿನ ಮಡಿಕೆಗಳೂ ಸಿಕ್ಕವು. ರೋಮ್‌ನವುಗಳ ಕಾಲ ಗೊತ್ತಿತ್ತು, ಹಾಗಾಗಿ ಇಲ್ಲಿನವುಗಳ ಕಾಲವೂ ತಿಳಿಯಿತು. ಅದೇ ವೀಲರ್ 1947ರಲ್ಲಿ ನಮ್ಮ ಬಳ್ಳಾರಿಗೆ ಹತ್ತಿರದ ಬ್ರಹ್ಮಗಿರಿಯಲ್ಲಿ ಅಗೆಸಿದರು. ಅಶೋಕನ ಶಾಸನ ಇರುವ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯೇ. ಅಲ್ಲಿಯೂ ಅದೇ ಬಗೆಯ ಚೂರುಗಳು ಸಿಕ್ಕಿದ್ದರಿಂದ ನಮ್ಮ ನೆಲದ ಹಳೆ ಜನರ ಕಾಲ ಲೆಕ್ಕ ಹಾಕಲು ಅರಿಕಮೇಡು ಅಳತೆಗೋಲಾಯಿತು. ಅಲ್ಲಿ ಸಿಕ್ಕ ವಸ್ತುಗಳು ಊರೊಳಗಿನ ಮ್ಯೂಸಿಯಂನಲ್ಲಿವೆ. ಮೊದಲು ಮ್ಯೂಸಿಯಂ, ಆಮೇಲೆ ತೋಪು, ಈ ಕ್ರಮದಲ್ಲಿ ನೋಡಿದರೆ ಗೋಡೆಗಳು ಮಾತಾಡುತ್ತವೆ. ಸೋಮವಾರ ಬಿಟ್ಟು ಹೋಗಿ.

ಮಂಗಳೂರು: ಮನೆ ಮಂದಿಗೆಲ್ಲ

ಪರರಾಜ್ಯ ಬೇಡ, ಭಾಷೆ ಕಷ್ಟ ಬೇಡ, ದೇವಸ್ಥಾನ ಬೇಕು, ಸಮುದ್ರ ಬೇಕು. ಹೀಗನ್ನುವವರಿಗೆ ಮಂಗಳೂರು. ಬಳ್ಳಾರಿ, ಹೊಸಪೇಟೆ ಕಡೆಯಿಂದ ರಾತ್ರಿ ಬಸ್ಸುಗಳಿವೆ. ವಿಜಯಪುರ–ಮಂಗಳೂರು ರೈಲನ್ನು ಕೊಪ್ಪಳದವರು ಗದಗದಲ್ಲಿ ಹಿಡಿಯಬಹುದು, ಅದು ಸುಬ್ರಹ್ಮಣ್ಯದ ಘಟ್ಟ ಇಳಿದು ಹೋಗುತ್ತದೆ.

ಕದ್ರಿ ಮಂಜುನಾಥ ದೇವಸ್ಥಾನದ ಲೋಕೇಶ್ವರ ವಿಗ್ರಹದ ಪೀಠದಲ್ಲಿ 968ನೇ ಇಸವಿಯ ಶಾಸನವಿದೆ. ಕಂಚಿನ ವಿಗ್ರಹ, ಇಷ್ಟು ಹಳೆಯದು ಇಷ್ಟು ಚೆಂದವಾಗಿ ಉಳಿದಿರುವುದು ಅಪರೂಪ. ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಮಾಳಿಗೆ ತುಂಬಾ ಇಟಲಿಯ ಮೊಸ್ಕೇನಿ ಬಿಡಿಸಿದ ಚಿತ್ರಗಳಿವೆ, ಕತ್ತೆತ್ತಿ ನೋಡಿ ನೋಡಿ ಕತ್ತು ನೋಯುತ್ತದೆ. ಸುಲ್ತಾನ್ ಬತ್ತೇರಿ ಟಿಪ್ಪು ಕಾಲದ ಕಾವಲು ಗೋಪುರ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಅಲ್ಲಿಂದ ದೋಣಿಯಲ್ಲಿ ದಾಟಿದರೆ ತಣ್ಣೀರುಬಾವಿ ಬೀಚ್, ಮಕ್ಕಳಿಗೆ ಅದೇ ಸಾಕು. ದಸರೆಗೆ ಹೋದರೆ ಕುದ್ರೋಳಿ ದೇವಸ್ಥಾನದ ಮೆರವಣಿಗೆ ನೋಡಿಯೇ ಬನ್ನಿ.

ಬಳ್ಳಾರಿಯವರಿಗೆ ಮಂಗಳೂರಿನಲ್ಲಿ ಒಂದು ನೆಂಟಸ್ತನವೂ ಇದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಇಲ್ಲಿ ಬಾಸೆಲ್ ಮಿಷನ್‌ನ ಹರ್ಮನ್ ಮೊಗ್ಲಿಂಗ್ ಅವರಿಂದ ಹೊರಟಿತು. ಮಂಗಳೂರಿನಲ್ಲಿದ್ದದ್ದು ಕಲ್ಲಚ್ಚು. ಮರುವರ್ಷ ಅಚ್ಚುಮೊಳೆಯ ಮುದ್ರಣಕ್ಕಾಗಿ ಪತ್ರಿಕೆ ಬಳ್ಳಾರಿಗೆ ಬಂದು 'ಕನ್ನಡ ಸಮಾಚಾರ' ಆಯಿತು. ಬಳ್ಳಾರಿಯ ಎಷ್ಟು ಜನ ಮೇಷ್ಟ್ರುಗಳು ಇದನ್ನು ಮಕ್ಕಳಿಗೆ ಹೇಳಿಕೊಡುತ್ತಾರೋ ಗೊತ್ತಿಲ್ಲ, ಹೇಳಬೇಕು.

ಹಳೆ ಪೇಟೆಯ ಗತ್ತು ನೋಡಬೇಕೆಂದರೆ ಮಂಗಳೂರು ಗೋವಾ, ಕೊಚ್ಚಿಗೆ ಸಾಟಿಯಲ್ಲ. ಹೊಸ ಕಟ್ಟಡಗಳ ನಡುವೆ ಹಳೆಯದನ್ನು ಹುಡುಕಬೇಕು. ಊಟದಲ್ಲಿ ಮಾತ್ರ ಇದಕ್ಕೇ ಮೊದಲ ಸ್ಥಾನ. ನೀರುದೋಸೆ, ಬನ್ಸ್, ಗೋಳಿಬಜೆ, ಗಡ್‌ಬಡ್ ಐಸ್‌ಕ್ರೀಂ ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಹಿಡಿಸುತ್ತವೆ. ಮೀನು ತಿನ್ನುವವರಿಗೆ ಅಂಜಲ್ ರವಾ ಫ್ರೈ, ಬಂಗುಡೆ ಪುಳಿಮುಂಚಿ. ನಮ್ಮ ತುಂಗಭದ್ರೆಯ ಹೊಳೆಮೀನಿಗಿಂತ ರುಚಿ ಬೇರೆ, ಮುಳ್ಳೂ ಕಡಿಮೆ. ಗೋವಾದ ಮೀನೂಟವೂ ಚೆಂದ, ಜೊತೆಗೆ ಕೊಡುವ ಸೋಲ್‌ಕಡಿ ಬಿಸಿಲಿಗೆ ಹಿತ. ಕೊಚ್ಚಿಯ ಕುಸುಬಲಕ್ಕಿ ಅನ್ನ ನಮ್ಮ ಹಿರಿಯರಿಗೆ ಮೊದಲ ದಿನ ಹಿಡಿಸುವುದಿಲ್ಲ, ಬಿಳಿ ಅನ್ನ ಕೇಳಿದರೆ ಕೊಡುತ್ತಾರೆ. ರೊಟ್ಟಿ ಇಲ್ಲದೆ ಆಗದವರು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಕಟ್ಟಿಕೊಳ್ಳಿ. ಕರಾವಳಿಯ ತೇವಕ್ಕೆ ರೊಟ್ಟಿ ಒಂದೇ ದಿನದಲ್ಲಿ ಮೆತ್ತಗಾಗುತ್ತದೆ, ಗಾಳಿಯಾಡದ ಡಬ್ಬಿಯಲ್ಲೇ ಇಡಿ.

ಇನ್ನು ಖರ್ಚಿನ ಮಾತು. ಡಿಸೆಂಬರ್ ಕೊನೆಯ ವಾರದಲ್ಲಿ ಗೋವಾ, ಪುದುಚೇರಿ, ಫೋರ್ಟ್ ಕೊಚ್ಚಿ ಮೂರರಲ್ಲೂ ರೂಮಿನ ಬಾಡಿಗೆ ಏರುತ್ತದೆ. ಅದೇ ಊರುಗಳು ಸಂಕ್ರಾಂತಿ ಕಳೆದ ಮೇಲೆ ಖಾಲಿ ಖಾಲಿ, ಹವೆಯೂ ಹಿತ. ಮಕ್ಕಳ ಶಾಲೆಯ ಗೊಡವೆ ಇಲ್ಲದವರು ಜನವರಿ ಕೊನೆಗೆ ಹೊರಡಿ. ದಸರೆಗೇ ಹೋಗಬೇಕೆಂದರೆ ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, ಮೊದಲಿನ 120 ದಿನ ಇಲ್ಲ. ಅಮರಾವತಿಯಂಥ ರೈಲಿಗೆ ತೆರೆದ ದಿನವೇ ಕೂತು ಸ್ಲೀಪರ್ ಮಾಡಿಸಿ. ಘಟ್ಟದಲ್ಲಿ ಹಳಿ ಕೆಲಸ ನಡೆಯುವಾಗ ರೈಲುಗಳ ದಾರಿ ಬದಲಾಗುವುದುಂಟು, ಹೊರಡುವ ಹಿಂದಿನ ದಿನ ಸ್ಟೇಷನ್‌ನಲ್ಲಿ ಒಂದು ಸಲ ಕೇಳಿಕೊಳ್ಳಿ.